ಕಾಳಿ ಎಲ್ಲಿ ಮಲಗುತ್ತಿತ್ತು?

ನಮ್ಮ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಕನ್ನಡ ಎಂ.ಎ. ಮಾಡಿದವರಿಗೆಲ್ಲ ಆ ಹೆಸರು ಗೊತ್ತಿರುತ್ತದೆ, ನನ್ನಂಥ ಬಿ.ಕಾಂ. ಗಿರಾಕಿಗಳಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಶಕವರ್ಷ 872ರ ಶಾಸನ ಇದೆ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಗಂಗರ ಬೂತುಗನ ಕಡೆಯವನಾದ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ಬೂತುಗ 'ಏನು ಬೇಕೋ ಕೇಳು' ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು!

ಆಮೇಲೆ ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ಭಾರೀ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದಕ್ಕೊಂದು ಹೋರಾಡಿ ಎರಡೂ ಸತ್ತವು. ಮಣಲೇರ ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ. ಮೇಲುಗಡೆ ನಾಯಿ ಮತ್ತು ಹಂದಿ ಕಾದಾಡುವ ಚಿತ್ರ ಇದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ರಜೆಗೆ ಊರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ನೋಡಿ ಬನ್ನಿ.

ನನಗೆ ಬೇಜಾರಾಗುವ ಸಂಗತಿ ಒಂದೇ. ಕಾಳಿ ಹೇಗೆ ಸತ್ತಿತು ಅಂತ ಶಾಸನ ಹೇಳುತ್ತದೆ. ಬದುಕಿದ್ದಾಗ ರಾತ್ರಿ ಎಲ್ಲಿ ಮಲಗುತ್ತಿತ್ತು ಅಂತ ಹೇಳುವುದಿಲ್ಲ. ಬೂತುಗನ ಹತ್ತಿರದಿಂದ ಮಣಲೇರನ ಮನೆಗೆ ಬಂದ ಮೊದಲ ರಾತ್ರಿ ಅದು ಅತ್ತಿರಬೇಕಲ್ಲ? ಯಾರು ಎದ್ದು ಸಮಾಧಾನ ಮಾಡಿದರು? ಚರಿತ್ರೆ ಬರೆಯುವವರು ಇದನ್ನೆಲ್ಲ ಬರೆಯುವುದಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ ಬಿಡಿ.

ನನಗೆ ಯಾಕೆ ಬೇಕಾಯಿತು ಅಂದರೆ, ಐವತ್ತು ದಾಟಿದ ಮೇಲೆ ನಮ್ಮ ಮನೆಗೂ ಒಂದು ಕಾಳಿ ಬಂತು. ಕೇರಳಕ್ಕೆ ಬಂದು 24 ವರ್ಷ ಆಯಿತು. ನಡುವೆ ಮೂರು ವರ್ಷ ತಿರುವನಂತಪುರ ಬಿಟ್ಟರೆ ಉಳಿದದ್ದೆಲ್ಲ ಕೊಚ್ಚಿಯೇ. ಈಗ ಕಲೂರಿನ ಹತ್ತಿರ ಒಂದು ಫ್ಲಾಟು. ಮಗಳು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ಕಳಕ್ಕೂಟ್ಟಂ ಬೈಪಾಸ್ ಪಕ್ಕದಲ್ಲಿ ತಾಯಿ ನಾಯಿ ಗಾಡಿಗೆ ಸಿಕ್ಕಿ ಸತ್ತು, ಉಳಿದ ಮರಿಗಳನ್ನು ಯಾರು ಯಾರೋ ಒಯ್ದು, ಕೊನೆಗೆ ಉಳಿದ ಒಂದು ಕಂದು ಬಣ್ಣದ ಮರಿ ಇವಳ ಕೈಗೆ ಬಂತು. ಪೀಜಿಯಲ್ಲಿ ಇಟ್ಟುಕೊಳ್ಳಲು ಬಿಡಲಿಲ್ಲ. ಒಂದು ಶನಿವಾರ ಸಂಜೆ ಗೆಳತಿಯ ಕಾರಿನಲ್ಲಿ ಕೊಚ್ಚಿಗೆ ತಂದು, "ಅಪ್ಪಾ, ಒಂದೇ ವಾರ" ಅಂದಳು. ಆ ವಾರ ಇನ್ನೂ ಮುಗಿದಿಲ್ಲ.

ಅವಳು 'ಕುಕ್ಕಿ' ಅಂತ ಹೆಸರಿಟ್ಟಿದ್ದಳು. ನಾನು ಆತಕೂರಿನ ಕಥೆ ಹೇಳಿ ಕಾಳಿ ಅಂತ ಬದಲಾಯಿಸಿದೆ. ಎದುರು ಮನೆಯ ಚೇಚಿಗೆ ಇದು ಸರಿ ಬರಲಿಲ್ಲ. ಕೊಡುಂಗಲ್ಲೂರಿನ ಭದ್ರಕಾಳಿಯ ಭಕ್ತೆ ಆಕೆ, ದೇವಿಯ ಹೆಸರು ಹಿಡಿದು ನಾಯಿ ಕರೆಯುವುದುಂಟೇ? ಆಕೆ ಇವತ್ತಿಗೂ ಅದನ್ನು 'ಮೋಳೇ' ಅಂತಲೇ ಕರೆಯುವುದು. ಮಲಯಾಳದಲ್ಲಿ ಮೋಳೇ ಅಂದರೆ ಮಗಳೇ. ನಾಯಿ ಎರಡು ಹೆಸರಿಗೂ ಓಡಿ ಬರುತ್ತದೆ.

ಇರಲಿ. ಹಗಲು ಹೊತ್ತು ಆ ಮರಿ ನಿದ್ದೆ ಮಾಡಿದ್ದೇ ಮಾಡಿದ್ದು. ಎರಡು ತಿಂಗಳ ಮರಿಗಳು ದಿನಕ್ಕೆ ಹದಿನೆಂಟು ಗಂಟೆ ಮಲಗುತ್ತವಂತೆ. ಊಟ ಮಾಡುತ್ತಾ ಮಾಡುತ್ತಾ ತಟ್ಟೆಯ ಮೇಲೇ ಮೂತಿ ಇಟ್ಟು ಮಲಗಿಬಿಡುವುದು. ನಿದ್ದೆಯಲ್ಲಿ ಕಾಲು ಆಡಿಸುವುದು, ಕುಂಯ್ ಅನ್ನುವುದು. ಆದರೆ ರಾತ್ರಿ ನಾವು ದೀಪ ಆರಿಸಿ ಹಾಲ್‌ನಲ್ಲಿ ಅದನ್ನು ಬಿಟ್ಟು ರೂಮಿಗೆ ಹೋದೆವೋ, ಶುರು. ಅದು ನಾಯಿಯ ಕೂಗಲ್ಲ, ಮಗುವಿನ ಅಳು. ಒಂದೂವರೆಗೆ ನನ್ನ ಹೆಂಡತಿ, "ರೀ, ನಂಗೆ ಕೇಳೋಕಾಗಲ್ಲ, ಕರ್ಕೊಂಡ್ ಬನ್ನಿ ಅದ್ನ" ಅಂದಳು. ಕರೆತಂದು ಮಂಚದ ಪಕ್ಕ ಗೋಣಿಚೀಲ ಹಾಸಿದೆ. ಕೈ ಕೆಳಗೆ ಇಳಿಬಿಟ್ಟೆ. ಬೆರಳಿಗೆ ಮೂತಿ ತಾಗಿಸಿಕೊಂಡು ಎರಡೇ ನಿಮಿಷದಲ್ಲಿ ಗೊರಕೆ.

ರಾತ್ರಿಯ ಸಮಸ್ಯೆ ಹೀಗೆ ಬಗೆಹರಿಯಿತು. ಹಗಲಿನದ್ದು ದೊಡ್ಡದು. ನಾನು ಬ್ಯಾಂಕಿಗೆ, ಹೆಂಡತಿ ಸ್ಕೂಲಿಗೆ. ಮನೆಗೆ ಬೀಗ. ಒಂಬತ್ತರಿಂದ ನಾಲ್ಕೂವರೆ. ಹತ್ತು ದಿನ ಕಳೆಯುವಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನಿಂದ ಒಂದು ಕಾಗದ ಬಂತು. ಮರಿಯ ಕೂಗಿನಿಂದ ವಯಸ್ಸಾದವರಿಗೆ ತೊಂದರೆಯಾಗುತ್ತಿದೆ, ಬೈಲಾ ಪ್ರಕಾರ ಸಾಕುಪ್ರಾಣಿಗೆ ಅವಕಾಶ ಇಲ್ಲ, 15 ದಿನದೊಳಗೆ ಬೇರೆ ವ್ಯವಸ್ಥೆ ಮಾಡತಕ್ಕದ್ದು. ಅಂದರೆ ಕಳಕ್ಕೂಟ್ಟಂ ಬೈಪಾಸಿಗೆ ವಾಪಸ್ ಅಂತ ತಾನೇ ಅರ್ಥ?

ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು: "ನಾಯ್ನ ಒಳೀಕ್ ಕೂಡಾಕ್ಬುಟ್ಟು ಬೀಗ ಜಡ್ಕಂಡ್ ಹೋಯ್ತೀರಾ? ಅದೇನ್ ಕಳ್ತನ ಮಾಡಿತ್ತಾ ಮಗಾ?"

ನಗು ಬಂತು, ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಾಯಿ ಒಂಟಿಯಾಗಿ, ಮುಚ್ಚಿದ ಬಾಗಿಲ ಹಿಂದೆ ಇರುವುದು ಯಾವಾಗಿನಿಂದ ಶುರುವಾಯಿತು? ಬ್ಯಾಂಕಿನವರಿಗೆ ಒಂದು ಚಟ, ಲೆಕ್ಕ ಕೂಡದಿದ್ದರೆ ಹಿಂದಿನ ಪುಟಗಳಿಗೆ ಹೋಗುತ್ತೇವೆ. ಹಾಗೇ ಹೋದೆ.

ತೀರಾ ಹಿಂದಿನ ಪುಟ ಜರ್ಮನಿಯದ್ದು. 1914ರಲ್ಲಿ ಬಾನ್ ನಗರದ ಹತ್ತಿರ ಒಬರ್‌ಕಾಸೆಲ್ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿ. ಸುಮಾರು 14,000 ವರ್ಷ ಹಳೆಯದು. ಆ ನಾಯಿಗೆ ಏಳು ತಿಂಗಳೂ ತುಂಬಿರಲಿಲ್ಲ. ಅದರ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳು 2018ರಲ್ಲಿ ಹೇಳಿದ್ದು ಇದು: ಮರಿಗೆ ಐದು ತಿಂಗಳ ಆಸುಪಾಸಿನಲ್ಲಿ ಡಿಸ್ಟೆಂಪರ್ ರೋಗ ಬಂದಿತ್ತು, ಆದರೂ ಅದು ವಾರಗಟ್ಟಲೆ ಬದುಕಿತ್ತು. ಯಾರೋ ಬೆಚ್ಚಗಿಟ್ಟು, ನೀರು ಕುಡಿಸಿ, ವಾಂತಿ ಭೇದಿ ಒರೆಸಿ ನೋಡಿಕೊಳ್ಳದಿದ್ದರೆ ಅದು ಅಷ್ಟು ದಿನ ಉಳಿಯುವುದು ಸಾಧ್ಯವೇ ಇರಲಿಲ್ಲ. ಬೇಟೆಗೆ ಬಾರದ, ಕಾವಲಿಗೆ ಆಗದ, ಕಾಯಿಲೆ ಮರಿ ನೋಡಿ. ಅದರಿಂದ ಅವರಿಗೆ ಏನು ಲಾಭ? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಎನ್‌ಪಿಎ!

ಇನ್ನೊಂದು ಇಸ್ರೇಲಿನ ಐನ್ ಮಲ್ಲಾಹದಲ್ಲಿ ಸಿಕ್ಕ ಸಮಾಧಿ. ಸುಮಾರು 12,000 ವರ್ಷದ್ದು. ವಯಸ್ಸಾದ ಒಬ್ಬ ಮನುಷ್ಯಜೀವಿ ಪಕ್ಕಕ್ಕೆ ಮುದುಡಿ ಮಲಗಿದೆ, ಅದರ ಕೈ ನಾಲ್ಕೈದು ತಿಂಗಳ ಒಂದು ಮರಿಯ ಮೇಲಿದೆ. ಅದು ನಾಯಿಯೋ ತೋಳದ ಮರಿಯೋ ಅನ್ನುವುದರ ಬಗ್ಗೆ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಾರೆ. ಮಾಡಲಿ. ಆ ಫೋಟೋ ನೋಡಿದಾಗ ನನಗೆ ಕಂಡದ್ದು ಮಂಚದಿಂದ ಕೆಳಗೆ ಇಳಿಬಿಟ್ಟ ಕೈ. ನಮ್ಮ ದೇಶದಲ್ಲೂ ಕಾಶ್ಮೀರದ ಬುರ್ಜಹೋಮ್‌ನಲ್ಲಿ ನವಶಿಲಾಯುಗದವರು ಮನುಷ್ಯರ ಜೊತೆ ನಾಯಿಗಳನ್ನೂ ಹೂಳಿದ್ದಾರೆ. ಮಹಾಭಾರತದ ಧರ್ಮರಾಯನ ನಾಯಿ ಎಲ್ಲರಿಗೂ ಗೊತ್ತೇ ಇದೆ, ಬಿಟ್ಟು ಬಾ ಅಂದರೆ ಸ್ವರ್ಗವೇ ಬೇಡ ಅಂದ.

ಇಷ್ಟೆಲ್ಲ ಆದರೂ ನಾಯಿ ನಮ್ಮ ಊರುಗಳಲ್ಲಿ ಒಳಮನೆಗೆ ಬರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ನಾಯಿ ಹೊಸಿಲು ದಾಟಿದರೆ ಅವ್ವನ ಕೈಲಿ ಪೊರಕೆ. ಆದರೆ ಅದು ಒಂಟಿಯಾಗಿ ಇತ್ತೇ? ಮರಿ ಹಾಕುತ್ತಿದ್ದದ್ದು ಹುಲ್ಲಿನ ಮೆದೆಯ ಸಂದಿಯಲ್ಲಿ. ಮೂರು ತಿಂಗಳು ತಾಯಿ ಮೈಗೆ ಅಂಟಿಕೊಂಡೇ ಇರುತ್ತಿದ್ದವು. ದೊಡ್ಡದಾದ ಮೇಲೆ ಜಗಲಿ. ಜಗಲಿ ಮೇಲೆ ಅಜ್ಜ ಕಂಬಳಿ ಹೊದ್ದು ಮಲಗುತ್ತಿದ್ದ, ಕೆಳಗೆ ನಾಯಿ. ಚಳಿಗಾಲದಲ್ಲಿ ಹಿತ್ತಲ ನೀರೊಲೆಯ ಬೂದಿಯಲ್ಲಿ ಮೈ ಹೂತು ಮಲಗುವುದು, ಬೆಳಿಗ್ಗೆ ಎದ್ದರೆ ಭಸ್ಮಧಾರಿ ಸನ್ಯಾಸಿ. ಪಕ್ಕದಲ್ಲಿ ಕೊಟ್ಟಿಗೆ, ದನ, ಕೋಳಿ, ಮಕ್ಕಳು. ಹಗಲು ಹೊಲಕ್ಕೆ ಹೋದರೆ ಅದೂ ಹಿಂದೆಯೇ. ಮನೆಗೆ ಬೀಗ ಬೀಳುತ್ತಿದ್ದದ್ದು ವರ್ಷಕ್ಕೊಮ್ಮೆ ಜಾತ್ರೆಗೆ ಹೋದಾಗ, ಆಗಲೂ ನಾಯಿ ಬೀಗದ ಹೊರಗೆ. ಅಂದರೆ ನೋಡಿ, ಒಳಗೆ ಬಿಟ್ಟುಕೊಳ್ಳದಿದ್ದರೂ ನಾವು ಅದನ್ನು ಒಂಟಿ ಮಾಡಿರಲಿಲ್ಲ. ಈಗ ಮಾಡಿರುವುದು ನೇರ ಉಲ್ಟಾ.

ಹೊಸಿಲಿನ ಹೊರಗೇ ಇಡಲು ಮಡಿ ಒಂದೇ ಕಾರಣವಲ್ಲ, ಹುಚ್ಚುನಾಯಿಯ ಭಯ ಇತ್ತು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಮೊದಲ ಬಾರಿ ಹುಡುಗನೊಬ್ಬನಿಗೆ ರೇಬಿಸ್ ಲಸಿಕೆ ಕೊಟ್ಟದ್ದು 1885ರಲ್ಲಿ. ನಮ್ಮ ದಕ್ಷಿಣಕ್ಕೆ ಕೂನೂರಿನ ಪಾಶ್ಚರ್ ಸಂಸ್ಥೆ ಬಂದದ್ದು 1907ರಲ್ಲಿ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವುದು ನಮ್ಮ ತಲೆಮಾರಿನವರ ಬಾಲ್ಯದ ದೊಡ್ಡ ಗುಮ್ಮ. ಚುಚ್ಚಿಸಿಕೊಂಡವನು ಶಾಲೆಯಲ್ಲಿ ಹೀರೋ ಆಗುತ್ತಿದ್ದ. ನಾಯಿಗೇ ಮೊದಲು ಲಸಿಕೆ ಹಾಕಿಸಿ, ಉಣ್ಣೆಗೆ ಔಷಧಿ ಹಾಕಿ, ಶಾಂಪೂ ಹಚ್ಚಿ ಮನೆಯೊಳಗೆ ಬಿಟ್ಟುಕೊಳ್ಳುವುದು ನಮ್ಮ ಮಧ್ಯಮ ವರ್ಗಕ್ಕೆ ಬಂದದ್ದು ಆಮೇಲೆ. ಹಾಗೆ ಒಳಗೆ ಬಂದ ಕಾಲಕ್ಕೇ ಮನೆಯ ಜನ ಹೊರಗೆ ಹೋಗಲು ಶುರುಮಾಡಿದ್ದರು. ಅಜ್ಜ ಊರಲ್ಲಿ ಉಳಿದ, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮಕ್ಕಳು ಹಾಸ್ಟೆಲ್ಲು. ನಾಯಿಗೆ ಮನೆ ಸಿಕ್ಕಿತು, ಮನೆಯವರು ಸಿಗಲಿಲ್ಲ.

ಇಂಗ್ಲೆಂಡಿನಲ್ಲಿ ಇದು ಸ್ವಲ್ಪ ಮೊದಲೇ ಆಗಿತ್ತು. ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾದದ್ದು 1873. ಸ್ಪ್ರಾಟ್ ಎಂಬಾತನ ಕಂಪನಿ ಅದಕ್ಕೂ ಮೊದಲೇ ನಾಯಿ ಬಿಸ್ಕತ್ತು ಮಾರುತ್ತಿತ್ತು. ಆ ಕಂಪನಿಯಲ್ಲಿ ಕೆಲಸ ಮಾಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಪ್ರಸಿದ್ಧ ನಾಯಿ ಪ್ರದರ್ಶನ ಶುರುಮಾಡಿದ. ಜಾತಿ, ವಂಶಾವಳಿ, ಬೆಲೆ ಎಲ್ಲ ಬಂತು.

ಮರಿ ಯಾಕೆ ಅಳುತ್ತದೆ ಅಂತ ಕೂತು ಲೆಕ್ಕ ಹಾಕಿದವರು ಬಂದದ್ದು ಇನ್ನೂ ತಡವಾಗಿ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾಕ್ಸನ್ ಲ್ಯಾಬೊರೇಟರಿ ಇದೆ. ಅಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ಸಾಕಿ ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ತಂದರು. ಅದಕ್ಕೂ ಮುಂಚೆ, 1961ರಲ್ಲಿ, ಎಲಿಯಟ್ ಮತ್ತು ಸ್ಕಾಟ್ ಮರಿಗಳನ್ನು ಒಂಟಿಯಾಗಿ ಬಿಟ್ಟು ಅವು ಎಷ್ಟು ಅಳುತ್ತವೆ ಅಂತ ಎಣಿಸಿದ್ದರು. ಪರಿಚಯದ ಗೂಡಿನಲ್ಲಿ ಒಂಟಿ ಬಿಟ್ಟರೆ ಅಳು ಕಡಿಮೆ, ಹೊಸ ಜಾಗದಲ್ಲಿ ಒಂಟಿ ಬಿಟ್ಟರೆ ತುಂಬಾ ಜಾಸ್ತಿ. ಆರೇಳು ವಾರದ ಹೊತ್ತಿಗೆ ಈ ಅಳು ತುದಿ ಮುಟ್ಟುತ್ತದೆ. ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಯಾರ ಜೊತೆ ಇರುತ್ತದೋ ಅವರನ್ನೇ ತನ್ನವರು ಅಂತ ತಿಳಿಯುತ್ತದೆ ಅಂದದ್ದೂ ಇವರೇ. ನಮ್ಮಲ್ಲಿ 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳಲ್ಲಿ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ ಇದೆ. ಜನ ಸಾಕುವ ಹೊಸ ಮರಿಗಳೆಲ್ಲ, ನಮ್ಮ ಕಾಳಿಯೂ ಸೇರಿ, ಸರಿಯಾಗಿ ಈ ಅಳುವ ವಯಸ್ಸಿನಲ್ಲೇ ಹೊಸ ಮನೆಗೆ ಬರುತ್ತವೆ. ಅದು ಹಟವೂ ಅಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ತಾಯಿಗೆ ತಾನಿರುವ ಜಾಗ ತಿಳಿಸುವ ಏರ್ಪಾಡು, ಅಷ್ಟೇ.

ನಿದ್ದೆಯ ಲೆಕ್ಕ ನನಗೆ ಇನ್ನೂ ಇಷ್ಟವಾಯಿತು. 1993ರಲ್ಲಿ ಆಸ್ಟ್ರೇಲಿಯಾದ ಆಡಮ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ನಾಯಿಗಳ ರಾತ್ರಿಯನ್ನು ರೆಕಾರ್ಡ್ ಮಾಡಿ ನೋಡಿದರು. ಎಂಟು ಗಂಟೆಯ ರಾತ್ರಿಯಲ್ಲಿ ನಾಯಿ ಸರಾಸರಿ 23 ಸಲ ಮಲಗಿ ಎದ್ದಿತ್ತು. ಪ್ರತಿ ಸಲ 16 ನಿಮಿಷ ನಿದ್ದೆ, 5 ನಿಮಿಷ ಎಚ್ಚರ. 23 ಗುಣಿಸು 21, ಒಟ್ಟು 483 ನಿಮಿಷ, ಎಂಟು ಗಂಟೆ ಮೂರು ನಿಮಿಷ. ಟ್ಯಾಲಿ ಆಯಿತು! ಅಂದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಕಣ್ಣು ಬಿಟ್ಟು ಎಲ್ಲರೂ ಇದ್ದಾರಾ ಅಂತ ನೋಡುತ್ತದೆ. ಇದ್ದರೆ ಮತ್ತೆ ಮಲಗುತ್ತದೆ. ಯಾರೂ ಇಲ್ಲದಿದ್ದರೆ ಬೆಳೆದ ನಾಯಿ ಕಾಯುತ್ತದೆ, ಮರಿ ಕೂಗುತ್ತದೆ. ಹಂಗೇರಿಯ ಬುಡಾಪೆಸ್ಟಿನಲ್ಲಿ ನಾಯಿಗಳ ತಲೆಗೆ ತಂತಿ ಅಂಟಿಸಿ ಮಲಗಿಸಿ ನೋಡುತ್ತಾರೆ. ಮಲಗುವ ಮುಂಚೆ ನಾಯಿಗೆ ಬೇಸರದ ಅನುಭವ ಆದರೆ ಅದರ ನಿದ್ದೆಯ ರೀತಿಯೇ ಬದಲಾಗುತ್ತದೆ ಅಂತ 2017ರಲ್ಲಿ ಅಲ್ಲಿಯವರು ಪ್ರಕಟಿಸಿದರು.

ಒಂಟಿ ಇರುವುದನ್ನು ನಾಯಿಗೆ ಪಾಠದಂತೆ ಕಲಿಸಿದ ಒಂದು ಕಥೆಯೂ ಇದೆ. ಲೈಕಾ. ಮಾಸ್ಕೋದ ಬೀದಿನಾಯಿ. 1957ರ ನವೆಂಬರ್ 3ರಂದು ಸ್ಪುಟ್ನಿಕ್ 2ರಲ್ಲಿ ಕೂರಿಸಿ ಕಳಿಸಿದರು. ಅದಕ್ಕೂ ಮೊದಲು ಅಭ್ಯಾಸವಾಗಲಿ ಅಂತ ಅವುಗಳನ್ನು ದಿನದಿಂದ ದಿನಕ್ಕೆ ಚಿಕ್ಕದಾದ ಪಂಜರಗಳಲ್ಲಿ, ಕೆಲವೊಮ್ಮೆ 20 ದಿನದವರೆಗೆ, ಇಡುತ್ತಿದ್ದರು. ಹಾರಾಟಕ್ಕೆ ಮುಂಚೆ ಯಾಜ್ದೋವ್‌ಸ್ಕಿ ಎಂಬ ವಿಜ್ಞಾನಿ ಲೈಕಾವನ್ನು ಮನೆಗೆ ಕರೆದೊಯ್ದು ತನ್ನ ಮಕ್ಕಳ ಜೊತೆ ಆಡಲು ಬಿಟ್ಟಿದ್ದ. ಮೇಲೆ ಹೋದ ಕೆಲವೇ ಗಂಟೆಗಳಲ್ಲಿ ಕಾವು ಏರಿ ಅದು ಸತ್ತಿತ್ತು ಅಂತ ಜಗತ್ತಿಗೆ ಗೊತ್ತಾದದ್ದು 2002ರಲ್ಲಿ. ನಮ್ಮ ಫ್ಲಾಟಿನ ಬಾಗಿಲು ಎಳೆದು ಬೀಗ ಹಾಕುವಾಗ ಒಂದೆರಡು ದಿನ ಇದು ನೆನಪಾಗಿದ್ದುಂಟು. ಹೋಲಿಕೆ ಜಾಸ್ತಿಯಾಯಿತು ಅನ್ನುತ್ತೀರಾ? ಇರಬಹುದು.

ಇನ್ನು ನಮ್ಮ ಕಾಳಿಗೆ ನಾವು ಮಾಡಿದ ಪಾಠ. ಬ್ಯಾಂಕಿನಲ್ಲಿ ನಾಯಿಮರಿಗೆ ಅಂತ ರಜೆಯ ಕಾಲಂ ಇಲ್ಲ, ಆದರೂ ನನಗೆ ಪ್ರಿವಿಲೇಜ್ ಲೀವ್ ಬೇಕಾದಷ್ಟು ಇತ್ತು. ಎಂಟು ದಿನ ಹಾಕಿದೆ. ಮ್ಯಾನೇಜರು ಕಾರಣ ಕೇಳಿದಾಗ 'ಡೊಮೆಸ್ಟಿಕ್' ಅಂತ ಬರೆದುಕೊಟ್ಟೆ. ಮೊದಲ ದಿನ ಬೀಗ ಹಾಕಿ ಲಿಫ್ಟಿನ ಹತ್ತಿರ ಎರಡು ನಿಮಿಷ ನಿಂತು ವಾಪಸ್. ಆಮೇಲೆ ಐದು, ಹತ್ತು, ಇಪ್ಪತ್ತು. ಹೋಗುವಾಗ ಮಾತಿಲ್ಲ, ಬಂದಾಗ ಸಂಭ್ರಮ ಇಲ್ಲ. ನನ್ನ ಹಳೇ ಲುಂಗಿ ಅದರ ಹಾಸಿಗೆ. ಹಳೇ ಡೈರಿಯಲ್ಲಿ ಎರಡು ಕಾಲಂ ಹಾಕಿ ಬಿಟ್ಟು ಹೋದ ನಿಮಿಷ, ಅತ್ತ ನಿಮಿಷ ಬರೆದಿಟ್ಟೆ. ಅಳುವಿನ ವರದಿ ಕೊಡುತ್ತಿದ್ದದ್ದು ಎದುರು ಮನೆ ಚೇಚಿ, ರಿಟೈರ್ಡ್ ನರ್ಸ್, ಗಡಿಯಾರ ನೋಡಿಯೇ ಮಾತಾಡುವವರು. ಮೊದಲ ವಾರ ನಲವತ್ತು ನಿಮಿಷ ಅತ್ತದ್ದೂ ಇದೆ. ಮೂರನೇ ವಾರಕ್ಕೆ ಆರು ನಿಮಿಷ. ರಾತ್ರಿಯದ್ದೂ ಅಷ್ಟೇ. ನಮ್ಮ ಮನೆಯ ಟೈಲ್ಸ್ ಎರಡಡಿಯವು. ಗೋಣಿಚೀಲವನ್ನು ದಿನಕ್ಕೆ ಒಂದು ಟೈಲ್ಸ್‌ನಂತೆ ಬಾಗಿಲ ಕಡೆ ಸರಿಸುತ್ತಾ ಬಂದೆ. ಹಾಲ್ ತಲುಪಲು ಹನ್ನೊಂದು ರಾತ್ರಿ ಬೇಕಾಯಿತು. ಮಧ್ಯಾಹ್ನ ಒಂದು ಗಂಟೆಗೆ ಚೇಚಿ ಬಂದು ಬಾಗಿಲು ತೆಗೆದು ಕೆಳಗೆ ಕರೆದೊಯ್ಯುತ್ತಾರೆ. ಬೀಗದ ಕೈ ಕೊಟ್ಟ ದಿನ, "ಸಾರ್, ನಿಮ್ಮೂರಲ್ಲಿ ಅಜ್ಜ ಮಾಡ್ತಿದ್ದ ಕೆಲಸ ನನಗೆ ಕೊಟ್ರಲ್ಲ" ಅಂತ ನಕ್ಕರು.

ಆದರೆ ಅಸೋಸಿಯೇಷನ್ನಿನ 15 ದಿನ ಅಷ್ಟರಲ್ಲೇ ಮುಗಿದಿತ್ತು. ಇಲ್ಲಿ ಕೇರಳದ ಎರಡು ಊರುಗಳ ಚರಿತ್ರೆ ಹೇಳಬೇಕು.

2020ರ ಏಪ್ರಿಲ್, ಲಾಕ್‌ಡೌನ್. ಕೊಚ್ಚಿಯ ನಿವಾಸಿಯೊಬ್ಬರು ತಮ್ಮ ಮೂರು ಬೆಕ್ಕುಗಳಿಗೆ ಬಿಸ್ಕತ್ತು ತರಲು ಪಾಸ್ ಕೇಳಿದರು, ಪೊಲೀಸರು ಕೊಡಲಿಲ್ಲ. ಮನೆಯಲ್ಲಿ ಸಸ್ಯಾಹಾರ, ಬೆಕ್ಕಿಗೆ ಬೇರೆ ಏನೂ ಹಾಕುವಂತಿಲ್ಲ. ಅವರು ಸೀದಾ ಹೈಕೋರ್ಟಿಗೆ ಹೋದರು. ಕೋರ್ಟು ಹೋಗಿ ತರಲು ಬಿಟ್ಟಿತು. ದೇಶವೆಲ್ಲ ನಕ್ಕಿತು, ನಾವೂ ನಕ್ಕೆವು. ಮರು ವರ್ಷ ಬಂದದ್ದು ನಗುವ ಸಂಗತಿಯಲ್ಲ.

ತಿರುವನಂತಪುರದ ದಕ್ಷಿಣಕ್ಕೆ, ವಿಳಿಂಜಂ ದಾಟಿದರೆ ಅಡಿಮಲತ್ತುರ ಎಂಬ ಮೀನುಗಾರರ ಕಡಲತೀರ. ಅಲ್ಲಿದ್ದಾಗ ಭಾನುವಾರ ನಾನು ಆ ಕಡೆ ಹೋಗಿದ್ದೇನೆ. ಬ್ರೂನೋ ಅಂತ ಒಂದು ಲ್ಯಾಬ್ರಡಾರ್ ನಾಯಿ. ಸಾಕಿದ ಮನೆ ಇತ್ತು, ಹೆಸರಿತ್ತು. ಅದು ಮರಳಿನ ಮೇಲೆ ಎಳೆದಿಟ್ಟ ದೋಣಿಯ ಕೆಳಗಿನ ನೆರಳಿನಲ್ಲಿ ಮಲಗುತ್ತಿತ್ತು. ನಮ್ಮೂರ ನಾಯಿಗೆ ಮೆದೆ ಹೇಗೋ ಅದಕ್ಕೆ ದೋಣಿ. 2021ರ ಜೂನ್ 28ರಂದು ಅಲ್ಲಿಯೇ ಅದನ್ನು ಹಿಡಿದು ಹೊಡೆದು ಕೊಂದರು. ವಿಡಿಯೋ ನೀವೂ ನೋಡಿರಬಹುದು. ನಾನು ಪೂರ್ತಿ ನೋಡಲಿಲ್ಲ.

ಕೊಚ್ಚಿಯ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎ.ಕೆ. ಜಯಶಂಕರನ್ ನಂಬಿಯಾರ್ ಮತ್ತು ನ್ಯಾಯಮೂರ್ತಿ ಪಿ. ಗೋಪಿನಾಥ್ ಅವರ ಪೀಠ ಪ್ರಾಣಿಗಳ ಹಕ್ಕಿನ ಬಗ್ಗೆ ತಾನೇ ಕೈಗೆತ್ತಿಕೊಂಡ ಪ್ರಕರಣಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು, 'ಇನ್ ರೀ: ಬ್ರೂನೋ' ಅಂತ. ಆತಕೂರಿನ ಕಾಳಿಗೆ ಕಲ್ಲಿನ ಮೇಲೆ ಹೆಸರು, ಇದಕ್ಕೆ ಕೋರ್ಟಿನ ಕಡತದ ಮೇಲೆ. ನಡುವೆ ಸಾವಿರದ ಎಪ್ಪತ್ತು ವರ್ಷ. ಕಾಳಿ ಸತ್ತದ್ದು ಕಾದಾಡುತ್ತ, ಬ್ರೂನೋ ಸತ್ತದ್ದು ಮಲಗುವ ಜಾಗದಲ್ಲಿ.

ಅದೇ ವರ್ಷ ನವೆಂಬರಿನಲ್ಲಿ ಅದೇ ಹೈಕೋರ್ಟು ಇನ್ನೊಂದು ಪ್ರಕರಣದಲ್ಲಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳು ಸಾಕುಪ್ರಾಣಿಯನ್ನೇ ಇಟ್ಟುಕೊಳ್ಳಬಾರದು ಅಂತ ಬೈಲಾ ಮಾಡುವಂತಿಲ್ಲ, ಮಾಡಿದರೆ ಅದು ಕಾನೂನುಬಾಹಿರ ಅಂತ ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸಾಕುವವರು ಅಕ್ಕಪಕ್ಕದವರ ಹಕ್ಕನ್ನೂ ಗೌರವಿಸಬೇಕು, ಅಸೋಸಿಯೇಷನ್ನುಗಳು ನ್ಯಾಯವಾದ ಷರತ್ತು ಹಾಕಬಹುದು ಅಂತಲೂ ಹೇಳಿತು. ಈ ಎರಡನೇ ಭಾಗವನ್ನು ನಾಯಿ ಸಾಕುವವರು ಓದುವುದಿಲ್ಲ, ಮೊದಲನೇ ಭಾಗವನ್ನು ಸೆಕ್ರೆಟರಿಗಳು ಓದುವುದಿಲ್ಲ.

ನೆರೆಯವರ ಭಯವನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಕೇರಳದಲ್ಲಿ ಬೀದಿನಾಯಿ ಕಚ್ಚಿ ಮಕ್ಕಳು ಸತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಲಸಿಕೆ ಅಭಿಯಾನ ನಡೆಸಬೇಕಾಯಿತು. 2025ರಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟೇ ಆದೇಶ ಕೊಟ್ಟಿತು. ಮೂರನೇ ಮಹಡಿಯ ಅಮ್ಮಚ್ಚಿಗೆ ನಾಯಿ ಅಂದರೆ ಮೈ ನಡುಗುತ್ತದೆ, ಅವರ ಮೊಮ್ಮಗನಿಗೆ ಕಚ್ಚಿತ್ತಂತೆ. ಅವರಿಗೆ ತೀರ್ಪು ಓದಿ ಹೇಳಿದರೆ ನಡುಕ ನಿಲ್ಲುವುದಿಲ್ಲವಲ್ಲ.

ಹಾಗಾಗಿ ಅಸೋಸಿಯೇಷನ್ ಮೀಟಿಂಗಿಗೆ ನಾನು ಮೂರು ಕಾಗದ ತೆಗೆದುಕೊಂಡು ಹೋದೆ. 2021ರ ತೀರ್ಪು, ಕಾಳಿಯ ಲಸಿಕೆ ಕಾರ್ಡು, ನನ್ನ ಡೈರಿಯ ಜೆರಾಕ್ಸು. ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಒಂದು ಸಾಲಿನ ವಿಷಯವನ್ನೂ ಹೇಳಿದೆ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಒಡೆಯ ಓಡಾಡಿಸದೆ ಬಿಟ್ಟರೆ ಅದೂ ಅಪರಾಧ ಅಂತ ಅಲ್ಲಿದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ದಶಕಗಳಿಂದ ಬಡ್ಡಿಯೂ ಸೇರಿಲ್ಲ, ಅಸಲೂ ಬದಲಾಗಿಲ್ಲ. ಸೆಕ್ರೆಟರಿ ರಿಟೈರ್ಡ್ ಸರ್ಕಾರಿ ನೌಕರರು, ತೀರ್ಪನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಡೈರಿಯ ಜೆರಾಕ್ಸನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಕಳೆದ ಗುರುವಾರ ಸೊನ್ನೆ ನಿಮಿಷ ಅಂತ ಇದೆಯಲ್ಲ, ಅವತ್ತು ಏನಾಯಿತು?" ಅಂತ ಕೇಳಿದರು. ಅವತ್ತು ಮಳೆ, ಇಡೀ ಮಧ್ಯಾಹ್ನ ಅದು ಮಲಗಿತ್ತು ಅಂತ ಚೇಚಿಯೇ ಎದ್ದು ನಿಂತು ಹೇಳಿದರು.

ಒಂದೂಕಾಲು ಗಂಟೆ ಮಾತಾಯಿತು. 15 ದಿನದ ಕಾಗದ ವಾಪಸ್ ಪಡೆದರು. ಅದರ ಬದಲು ನಾಲ್ಕು ಷರತ್ತು ಬರೆದರು: ನಾಯಿಗೆ ವರ್ಷಾವರ್ಷ ಲಸಿಕೆ, ಲಿಫ್ಟಿನಲ್ಲಿ ಬೆಲ್ಟು, ಅಮ್ಮಚ್ಚಿ ಇದ್ದರೆ ಮೆಟ್ಟಿಲು, ಮತ್ತು ಯಾವ ಫ್ಲಾಟಿನಲ್ಲೂ ನಾಯಿಯನ್ನು ಒಂದೇ ಸಮ ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡುವಂತಿಲ್ಲ. ಕೊನೆಯದು ಸೆಕ್ರೆಟರಿಯವರೇ ಸೇರಿಸಿದ್ದು.